ಗಂಟೆ ಬಿಟ್ಟು ನೀರಿನ ಹಿಂದೆ

ಬೇಸಿಗೆ ಬಂತೆಂದರೆ ಈ ಅಂಕಣಕ್ಕೆ ಒಂದೇ ಬಗೆಯ ಪತ್ರಗಳು. ಮಗಳು ನ್ಯೂಜೆರ್ಸಿಯಲ್ಲಿದ್ದಾಳೆ, ಮೂರು ತಿಂಗಳು ಇದ್ದು ಬರಲು ಹೊರಟಿದ್ದೇವೆ, ಒಂದು ಶನಿವಾರ ಫಿಲಡೆಲ್ಫಿಯಕ್ಕೆ ಕರೆದುಕೊಂಡು ಹೋಗುತ್ತಾಳಂತೆ, ಅಲ್ಲಿ ನೋಡಲೇಬೇಕಾದದ್ದು ಏನೇನು? ಅಮೆರಿಕದ ಸ್ವಾತಂತ್ರ್ಯ ಘೋಷಣೆಗೆ 250 ವರ್ಷ ತುಂಬುವುದು 2026ರಲ್ಲಿ. ಹಾಗಾಗಿ ಈಗೀಗ ಈ ಪ್ರಶ್ನೆ ಇನ್ನೂ ಹೆಚ್ಚು. ಐದು ತಾಣಗಳನ್ನು ಬರೆದುಕೊಡುತ್ತೇನೆಂದು ಹೋದ ವಾರ ಮಾತು ಕೊಟ್ಟಿದ್ದೆ.

ಮೊದಲ ಎರಡು ಎಲ್ಲರಿಗೂ ಗೊತ್ತಿರುವಂಥವೇ. ಇಂಡಿಪೆಂಡೆನ್ಸ್ ಹಾಲ್ ಪೆನ್ಸಿಲ್ವೇನಿಯ ಪ್ರಾಂತದ ಸಭಾಭವನವಾಗಿ 1732ರಲ್ಲಿ ಕಟ್ಟಲು ಶುರುವಾದ ಇಟ್ಟಿಗೆಯ ಕಟ್ಟಡ. 1776ರಲ್ಲಿ ಘೋಷಣೆಗೆ ಒಪ್ಪಿಗೆ ಸಿಕ್ಕಿದ್ದೂ, 1787ರಲ್ಲಿ ಸಂವಿಧಾನಕ್ಕೆ ಸಹಿ ಬಿದ್ದದ್ದೂ ನೆಲ ಅಂತಸ್ತಿನ ಒಂದೇ ಕೋಣೆಯಲ್ಲಿ. ಅಲ್ಲಿರುವ ಮೇಜು ಕುರ್ಚಿಗಳಲ್ಲಿ ಹೆಚ್ಚಿನವು ಆ ಕಾಲದ ಬೇರೆ ಮನೆಗಳಿಂದ ತಂದಿಟ್ಟವು. ಆದರೆ ವಾಷಿಂಗ್ಟನ್ ಕೂತು ಸಂವಿಧಾನ ಸಭೆ ನಡೆಸಿದ ಕುರ್ಚಿ, ಬೆನ್ನಿನಲ್ಲಿ ಅರ್ಧ ಸೂರ್ಯನ ಕೆತ್ತನೆ ಇರುವುದು, ಅಸಲಿಯೇ. ಒಳಗೆ ಬಿಡುವುದು ಸಮಯ ಗೊತ್ತುಮಾಡಿದ ಟಿಕೆಟಿನ ಮೇಲೆ. ಮಗಳಿಗೆ ಹೇಳಿ ಮೊದಲೇ ಕಾದಿರಿಸಿಕೊಳ್ಳಿ.

ಎದುರಿಗಿರುವ ಲಿಬರ್ಟಿ ಬೆಲ್ ಲಂಡನ್ನಿನ ವೈಟ್‌ಚಾಪೆಲ್‌ನಲ್ಲಿ ಎರಕ ಹೊಯ್ದದ್ದು. 1752ರಲ್ಲಿ ಹಡಗಿನಿಂದ ಇಳಿಸಿ, ದನಿ ಹೇಗಿದೆ ನೋಡೋಣವೆಂದು ಬಾರಿಸಿದಾಗಲೇ ಬಿರುಕು ಬಿಟ್ಟಿತು. ಊರಿನ ಎರಕದವರಾದ ಪಾಸ್ ಮತ್ತು ಸ್ಟೋ ಅದನ್ನು ಕರಗಿಸಿ ಎರಡು ಸಲ ಮತ್ತೆ ಹೊಯ್ದರು. 1776ರ ಜುಲೈ 4ರಂದು ಅದು ಮೊಳಗಿತೆಂಬುದು ಆಮೇಲೆ ಹುಟ್ಟಿದ ಕಥೆ. ಅದಕ್ಕೆ ಈಗಿನ ಹೆಸರು ಕೊಟ್ಟವರು 1830ರ ದಶಕದಲ್ಲಿ ಗುಲಾಮಗಿರಿಯ ವಿರುದ್ಧ ಹೋರಾಡುತ್ತಿದ್ದವರು. ಇಷ್ಟನ್ನು ತಿಳಿದು ನೋಡಿದರೆ ಆ ಗಂಟೆಯ ಮೇಲೆ ಗೌರವ ಹೆಚ್ಚುತ್ತದೆ.

ಗಂಟೆಯ ಭವನಕ್ಕೆ ಹೊಕ್ಕುವ ಬಾಗಿಲ ಪಕ್ಕದಲ್ಲೇ ಒಂದು ಮನೆಯ ಅಡಿಪಾಯವಿದೆ. ಫಿಲಡೆಲ್ಫಿಯ 1790ರಿಂದ 1800ರವರೆಗೆ ದೇಶದ ರಾಜಧಾನಿಯಾಗಿತ್ತು. ವಾಷಿಂಗ್ಟನ್ ಅಧ್ಯಕ್ಷನಾಗಿ ವಾಸಿಸಿದ್ದು ಆ ಮನೆಯಲ್ಲಿ. ಅಲ್ಲಿ ಅವನ ಕುಟುಂಬದ ಒಂಬತ್ತು ಜನ ಗುಲಾಮರೂ ಇದ್ದರು. ಹೊರಗಿನಿಂದ ಬಂದು ನೆಲೆಸಿದವರು ತಂದ ಗುಲಾಮರು ಆರು ತಿಂಗಳು ಇಲ್ಲಿಯೇ ಉಳಿದರೆ ಬಿಡುಗಡೆ ಕೇಳಬಹುದೆಂದು 1780ರ ಪೆನ್ಸಿಲ್ವೇನಿಯ ಕಾನೂನು ಹೇಳುತ್ತಿತ್ತು. ಹಾಗಾಗಿ ಆರು ತಿಂಗಳು ತುಂಬುವ ಮೊದಲೇ ಅವರನ್ನು ಗಡಿ ದಾಟಿಸಿ, ಮತ್ತೆ ಕರೆಸಿಕೊಳ್ಳುವ ಏರ್ಪಾಡು ನಡೆಯುತ್ತಿತ್ತು. ಓನಾ ಜಡ್ಜ್ ಎಂಬ ಯುವತಿ 1796ರಲ್ಲಿ ಈ ಮನೆಯಿಂದ ತಪ್ಪಿಸಿಕೊಂಡು ಹಡಗು ಹತ್ತಿ ನ್ಯೂ ಹ್ಯಾಂಪ್‌ಷೈರ್ ಸೇರಿದಳು. ವಾಷಿಂಗ್ಟನ್ ಹುಡುಕಿಸಿದರೂ ಕೈಗೆ ಸಿಗಲಿಲ್ಲ. ಗಂಟೆ ನೋಡಲು ಸರದಿಯಲ್ಲಿ ನಿಂತವರು ಈ ಅಡಿಪಾಯದ ಹತ್ತಿರ ಹತ್ತು ನಿಮಿಷವಾದರೂ ನಿಲ್ಲಬೇಕೆಂದು ನನ್ನ ಒತ್ತಾಯ.

ಮೂರನೆಯದಕ್ಕೆ ಹೋಗುವ ಮುಂಚೆ ಪಟ್ಟಿ ಮಾಡುವವರ ಜೊತೆ ಹಳೆಯ ಜಗಳವೊಂದನ್ನು ಮುಗಿಸಬೇಕಾಗಿದೆ. ನ್ಯೂಯಾರ್ಕಿನಿಂದ ವಾಷಿಂಗ್ಟನ್ನಿಗೆ ಹೋಗುವ ದಾರಿಯಲ್ಲಿ ಎರಡು ಗಂಟೆ ಬಸ್ಸು ನಿಲ್ಲಿಸಿ, ಗಂಟೆ, ಹಾಲ್, ಸಿನಿಮಾದ ಮೆಟ್ಟಿಲು ತೋರಿಸಿ, ಫಿಲಡೆಲ್ಫಿಯ ಆಯಿತು ಎನ್ನುವ ಪಂಥ ಅದು. ದೊಡ್ಡ ಘಟನೆ ಎಲ್ಲಿ ನಡೆಯಿತೋ ಅದೇ ಊರು ಎಂಬುದು ಅವರ ನಂಬಿಕೆ. ಘಟನೆ ಒಂದು ದಿನದ್ದು. ಆ ದಿನದ ಹಿಂದೆಯೂ ಮುಂದೆಯೂ ಸಾವಿರಾರು ಜನ ಬೆಳಿಗ್ಗೆ ಎದ್ದು ಕೊಡ ತುಂಬಿಸಿಕೊಂಡಿದ್ದಾರೆ. ಹಳೆಯ ಓದುಗರಿಗೆ ಗೊತ್ತು, ಯಾವ ಹಳೆಯ ಪಟ್ಟಣಕ್ಕೆ ಹೋದರೂ ನನ್ನ ಮೊದಲ ಪ್ರಶ್ನೆ ಒಂದೇ: ಇವರು ನೀರು ಎಲ್ಲಿಂದ ಕುಡಿದರು? ಫಿಲಡೆಲ್ಫಿಯದಲ್ಲಿ ಈ ಪ್ರಶ್ನೆಗೆ ಸಿಗುವಷ್ಟು ತುಂಬಿದ ಉತ್ತರ ಅಮೆರಿಕದ ಇನ್ನಾವ ಊರಿನಲ್ಲೂ ನನಗೆ ಸಿಕ್ಕಿಲ್ಲ. ಆದ್ದರಿಂದ ಐದರ ಪಟ್ಟಿಯನ್ನು ಇಲ್ಲಿಗೇ ಬಿಟ್ಟು ನೀರಿನ ದಾರಿ ಹಿಡಿಯುತ್ತೇನೆ. ಊರಿನ ಮುಖ್ಯವಾದದ್ದೆಲ್ಲ ಆ ದಾರಿಯಲ್ಲೇ ಸಿಗುತ್ತದೆ.

ವಿಲಿಯಂ ಪೆನ್ 1682ರಲ್ಲಿ ಈ ಊರಿಗೆ ನಕ್ಷೆ ಹಾಕಿಸಿದಾಗ ಅವನ ತಲೆಮಾರಿನವರ ಮನಸ್ಸಿನಲ್ಲಿ ಲಂಡನ್ನಿನ 1665ರ ಪ್ಲೇಗೂ 1666ರ ಬೆಂಕಿಯೂ ಇನ್ನೂ ಹಸಿಯಾಗಿದ್ದವು. ಡೆಲವೇರ್ ನದಿಯಿಂದ ಸ್ಕೂಲ್ಕಿಲ್ ನದಿಯವರೆಗೆ ನೇರ ಬೀದಿಗಳು, ನಡುವೆ ಐದು ಚೌಕ, ಪ್ರತಿ ಮನೆಯ ಸುತ್ತ ತೋಟ ಎಂಬುದು ಅವನ ಲೆಕ್ಕ. ಬಂದವರು ಆ ಲೆಕ್ಕವನ್ನು ಕೇಳಲಿಲ್ಲ. ಹಡಗು ಬರುವ ಡೆಲವೇರ್ ದಂಡೆಗೇ ಅಂಟಿಕೊಂಡರು, ನಿವೇಶನಗಳನ್ನು ತುಂಡು ಮಾಡಿ ನಡುವೆ ಓಣಿಗಳನ್ನು ಕೊರೆದರು. ಹಾಗೆ ಹುಟ್ಟಿದ ಎಲ್‌ಫ್ರೆತ್ಸ್ ಆಲಿ ಇಂದಿಗೂ ಇದೆ, 32 ಮನೆಗಳಲ್ಲಿ ಈಗಲೂ ಸಂಸಾರಗಳಿವೆ. ಅಂಥ ಮನೆಗಳ ಹಿತ್ತಿಲಿನಲ್ಲಿ ಬಾವಿಯೂ ಕಕ್ಕಸಿನ ಗುಂಡಿಯೂ ಕೆಲವೇ ಮಾರು ದೂರದಲ್ಲಿರುತ್ತಿದ್ದವು. ಈ ಕಥೆಯ ಬೇರು ಇರುವುದು ಅಲ್ಲಿ.

1842ರಲ್ಲಿ ಇಲ್ಲಿಗೆ ಬಂದ ಡಿಕನ್ಸ್ ಊರು ಚೆನ್ನಾಗಿದೆ ಎಂದು ಒಪ್ಪಿಕೊಂಡರೂ, ನೇರ ಬೀದಿಗಳಲ್ಲಿ ಒಂದೆರಡು ಗಂಟೆ ಸುತ್ತಿ ರೋಸಿಹೋಗಿ, ಒಂದಾದರೂ ಸೊಟ್ಟ ಬೀದಿ ಸಿಗಬಾರದೇ ಎಂದು ಹಂಬಲಿಸಿದ. ಅಂಥ ಬೀದಿ ಇತ್ತು. ಅದರ ಹೆಸರು ಡಾಕ್ ಸ್ಟ್ರೀಟ್. ಅದು ಬಾಗಿರುವುದಕ್ಕೆ ಕಾರಣ, ಅದರ ಅಡಿಯಲ್ಲಿ ಒಂದು ಹಳ್ಳವಿದೆ. ಆ ಡಾಕ್ ಕ್ರೀಕ್ ದಂಡೆಯಲ್ಲಿ ಚರ್ಮ ಹದ ಮಾಡುವವರು ಸುಣ್ಣ, ತೊಗಟೆ, ಕೊಳೆತ ಮಾಂಸದ ಚೂರುಗಳನ್ನೆಲ್ಲ ನೀರಿಗೆ ಬಿಡುತ್ತಿದ್ದರು. 1739ರಲ್ಲಿ ಬೆಂಜಮಿನ್ ಫ್ರಾಂಕ್ಲಿನ್ ಮತ್ತು ನೆರೆಹೊರೆಯವರು ಆ ಕೆಲಸವನ್ನು ಅಲ್ಲಿಂದ ಎತ್ತಿಸಬೇಕೆಂದು ಪ್ರಾಂತದ ಸಭೆಗೆ ಮನವಿ ಕೊಟ್ಟರು. ಹದಗಾರರು ತಮ್ಮ ಕಸುಬಿನ ಹಕ್ಕಿನ ಮಾತೆತ್ತಿದರು, ಫ್ರಾಂಕ್ಲಿನ್ ತನ್ನ ಪತ್ರಿಕೆಯಲ್ಲಿ ಊರಿನವರ ಹಕ್ಕಿನ ಮಾತೆತ್ತಿದ. ಹಳ್ಳ ಶುದ್ಧವಾಗಲಿಲ್ಲ. ಕಡೆಗೆ ಕಮಾನು ಕಟ್ಟಿ ಮುಚ್ಚಿ ಮೇಲೆ ರಸ್ತೆ ಮಾಡಿದರು. ಆ ಬಾಗಿನಲ್ಲೇ 1830ರ ದಶಕದಲ್ಲಿ ವಿಲಿಯಂ ಸ್ಟ್ರಿಕ್‌ಲ್ಯಾಂಡ್ ಮರ್ಚೆಂಟ್ಸ್ ಎಕ್ಸ್‌ಚೇಂಜ್ ಕಟ್ಟಿದ. ಅದರ ಹಿಂಬದಿಯ ಅರ್ಧವೃತ್ತದ ಕಂಬಸಾಲನ್ನು ನೋಡಿ ಮೆಚ್ಚುವವರು, ಆ ಜಾಗಕ್ಕೆ ಆಕಾರ ಕೊಟ್ಟದ್ದು ಹೊಲಸು ಹಳ್ಳವೆಂಬುದನ್ನೂ ನೆನೆಯಲಿ.

ಇಲ್ಲಿಂದ ಫ್ರಾಂಕ್ಲಿನ್‌ನ ಮನೆ ಇದ್ದ ಅಂಗಳಕ್ಕೆ ಕೆಲವೇ ನಿಮಿಷದ ನಡಿಗೆ. ಮನೆ 1812ರಲ್ಲೇ ನೆಲಸಮವಾಯಿತು. ಅದು ನೋಡಲು ಹೇಗಿತ್ತೆಂದು ಖಚಿತವಾಗಿ ತಿಳಿಯದ್ದರಿಂದ, 1976ರಲ್ಲಿ ವಾಸ್ತುಶಿಲ್ಪಿ ರಾಬರ್ಟ್ ವೆಂಚುರಿಯವರ ಸಂಸ್ಥೆ ಮನೆಯ ಹೊರಗೆರೆಯನ್ನು ಮಾತ್ರ ಉಕ್ಕಿನ ಚೌಕಟ್ಟಿನಲ್ಲಿ ನಿಲ್ಲಿಸಿತು. ನೆಲದಲ್ಲಿ ಕಿಂಡಿಗಳನ್ನು ಬಿಟ್ಟು ಅಡಿಯ ಅವಶೇಷ ಕಾಣುವಂತೆ ಮಾಡಿದ್ದಾರೆ. ಹಳೆಯದರ ಹೆಸರಿನಲ್ಲಿ ಹೊಸ ನಕಲು ಕಟ್ಟುವವರೆಲ್ಲ ಬಂದು ಕಲಿಯಬೇಕಾದ ಪ್ರಾಮಾಣಿಕತೆ ಇದು.

ಫಿಲಡೆಲ್ಫಿಯಕ್ಕೆ ಹೊರಡುವವರು ಓದಿಕೊಂಡು ಹೋಗಬೇಕಾದ ಒಂದೇ ಬರಹ ಯಾವುದೆಂದು ಕೇಳಿದರೆ, ನಾನು ಫ್ರಾಂಕ್ಲಿನ್‌ನ ಆತ್ಮಕಥೆಯನ್ನೂ ಹೇಳುವುದಿಲ್ಲ, ಸ್ವಾತಂತ್ರ್ಯ ಘೋಷಣೆಯನ್ನೂ ಹೇಳುವುದಿಲ್ಲ. ಸಾಯುವ ಹಿಂದಿನ ವರ್ಷ, 1789ರ ಜೂನ್‌ನಲ್ಲಿ, ಅವನು ತನ್ನ ಉಯಿಲಿಗೆ ಸೇರಿಸಿದ ಅನುಬಂಧವನ್ನು ಹೇಳುತ್ತೇನೆ. ಪ್ರಜೆಗಳ ಆಳ್ವಿಕೆಯಲ್ಲಿ ಹುದ್ದೆಯಿಂದ ಲಾಭ ಬರಕೂಡದೆಂಬುದು ತನ್ನ ಬಹುದಿನದ ಅಭಿಪ್ರಾಯ ಎಂದು ಶುರುಮಾಡಿ, ಪೆನ್ಸಿಲ್ವೇನಿಯ ರಾಜ್ಯದ ಅಧ್ಯಕ್ಷನಾಗಿ ಬಂದ ಸಂಬಳದಲ್ಲಿ ಎರಡು ಸಾವಿರ ಪೌಂಡನ್ನು ಎತ್ತಿಡುತ್ತಾನೆ. ಸಾವಿರ ಹುಟ್ಟೂರು ಬಾಸ್ಟನ್ನಿಗೆ, ಸಾವಿರ ಫಿಲಡೆಲ್ಫಿಯಕ್ಕೆ. ಎಳೆಯನಾಗಿದ್ದಾಗ ಇಬ್ಬರು ಸ್ನೇಹಿತರು ಕೊಟ್ಟ ಸಾಲದಿಂದಲೇ ತನ್ನ ಅಚ್ಚುಕೂಟ ನಿಂತಿತೆಂದು ನೆನೆದು, ಈ ಹಣವನ್ನು ಕಸುಬು ಕಲಿತು ಮದುವೆಯಾದ, ಇನ್ನೂ 25 ತುಂಬದ ಕುಶಲಕರ್ಮಿಗಳಿಗೆ ನೂರಕ್ಕೆ ಐದರ ಬಡ್ಡಿಗೆ ಸಾಲ ಕೊಡಬೇಕೆನ್ನುತ್ತಾನೆ. ಹೀಗೆ ನೂರು ವರ್ಷ ನಡೆದರೆ ಒಂದೊಂದು ಊರಿನ ಗಂಟು 1,31,000 ಪೌಂಡ್ ಆಗುತ್ತದೆಂದು ಲೆಕ್ಕ ಹಾಕಿ, ಅದರಲ್ಲಿ ಒಂದು ಲಕ್ಷವನ್ನು ಊರಿನ ಕೆಲಸಕ್ಕೆ ಬಳಸಿ, ಮಿಕ್ಕದ್ದನ್ನು ಇನ್ನೂ ನೂರು ವರ್ಷ ಬೆಳೆಸಿ ಎಂದು ಬರೆಯುತ್ತಾನೆ. ಅಲ್ಲಿಂದ ಮುಂದಕ್ಕೆ ಹೇಳುವ ಅಧಿಕಾರ ತನಗಿಲ್ಲವೆಂದು ನಿಲ್ಲಿಸುತ್ತಾನೆ.

ಫಿಲಡೆಲ್ಫಿಯದಲ್ಲಿ ಊರಿನ ಕೆಲಸವೆಂದರೆ ಏನು ಎಂಬುದಕ್ಕೆ ಅವನು ಕೊಡುವ ಕಾರಣವನ್ನು ನಿಧಾನವಾಗಿ ಓದಬೇಕು. ಊರಿನ ನೆಲವೆಲ್ಲ ಮನೆಗಳಿಂದಲೂ ಕಲ್ಲುಹಾಸಿನಿಂದಲೂ ಮುಚ್ಚಿಹೋಗುತ್ತಿದೆ. ಬಿದ್ದ ಮಳೆಯ ಬಹುಪಾಲು ಹರಿದುಹೋಗುತ್ತದೆ, ಮಣ್ಣಿಗೆ ಇಂಗಿ ಬಾವಿಯ ಸೆಲೆಗಳನ್ನು ಹೊಸದು ಮಾಡುವುದಿಲ್ಲ. ಆದ್ದರಿಂದ ಬಾವಿನೀರು ವರ್ಷದಿಂದ ವರ್ಷಕ್ಕೆ ಕೆಟ್ಟು ಕಡೆಗೆ ಬಳಕೆಗೇ ಬಾರದಂತಾಗುತ್ತದೆ, ಹಳೆಯ ಪಟ್ಟಣಗಳಲ್ಲೆಲ್ಲ ಹೀಗೇ ಆಗಿದೆ. ಅದಕ್ಕಾಗಿ ವಿಸಾಹಿಕನ್ ತೊರೆಯ ನೀರನ್ನು ಕೊಳವೆಯಲ್ಲಿ ಊರಿಗೆ ತನ್ನಿ ಎನ್ನುತ್ತಾನೆ. ಇದನ್ನು ಬರೆದಾಗ ಅವನಿಗೆ 83 ವರ್ಷ, ಮೂತ್ರಕೋಶದ ಕಲ್ಲಿನಿಂದ ಹಾಸಿಗೆ ಹಿಡಿದಿದ್ದ. ಕಾಂಕ್ರೀಟಿನ ಅಡಿ ಅಂತರ್ಜಲ ಕಳೆದುಕೊಂಡ ಊರುಗಳಲ್ಲಿ ಬಾಳುವ ನಾವು ಈ ಮಾತನ್ನು ಎಷ್ಟು ತಡವಾಗಿ ಕಲಿತೆವೆಂದು ಯೋಚಿಸಿದಾಗಲೆಲ್ಲ ಆ ಮುದುಕನ ಮೇಲೆ ನನಗೆ ಪ್ರೀತಿ ಉಕ್ಕುತ್ತದೆ.

ಕ್ರೈಸ್ಟ್ ಚರ್ಚಿನ ಸ್ಮಶಾನದಲ್ಲಿ, ಆರ್ಚ್ ಬೀದಿಯ ಗೋಡೆಯಲ್ಲಿ ಬಿಟ್ಟಿರುವ ಕಂಬಿಗಳ ತೆರಪಿನಿಂದ ಅವನ ಸಮಾಧಿ ಕಾಣುತ್ತದೆ. ಬಂದವರು ಅದರ ಮೇಲೆ ಪೆನ್ನಿ ಎಸೆಯುತ್ತಾರೆ. ಬಿದ್ದ ನಾಣ್ಯಗಳಿಂದ ಆ ಕಲ್ಲಿಗೆ ಪೆಟ್ಟಾಗಿದೆ. ದಯವಿಟ್ಟು ಎಸೆಯಬೇಡಿ.

ಫ್ರಾಂಕ್ಲಿನ್ ಕೊಟ್ಟ ನೂರು ವರ್ಷದ ಗಡುವಿನವರೆಗೆ ಕಾಯಲು ಆಗಲಿಲ್ಲ. ಅನುಬಂಧ ಬರೆದ ನಾಲ್ಕು ವರ್ಷಕ್ಕೆ, 1793ರ ಆಗಸ್ಟಿನಲ್ಲಿ, ಹಳದಿ ಜ್ವರ ಬಂತು. ಸುಮಾರು 50,000 ಜನರಿದ್ದ ಊರಿನಲ್ಲಿ ನವೆಂಬರಿನೊಳಗೆ ಸತ್ತವರು ಸುಮಾರು 5,000. ವಾಷಿಂಗ್ಟನ್ನೂ ಸರ್ಕಾರವೂ ಊರು ಬಿಟ್ಟರು, ಉಳ್ಳವರೆಲ್ಲ ಹಳ್ಳಿಗೆ ಓಡಿದರು. ಕಪ್ಪು ಜನರಿಗೆ ಈ ಜ್ವರ ತಗಲುವುದಿಲ್ಲವೆಂದು ವೈದ್ಯ ಬೆಂಜಮಿನ್ ರಷ್ ನಂಬಿದ್ದ. ಅವನ ಕೋರಿಕೆಯ ಮೇರೆಗೆ ಕಪ್ಪು ಜನರ ಮುಂದಾಳುಗಳಾದ ರಿಚರ್ಡ್ ಅಲೆನ್ ಮತ್ತು ಅಬ್ಸಲಮ್ ಜೋನ್ಸ್ ತಮ್ಮವರನ್ನು ಕೂಡಿಸಿಕೊಂಡು ರೋಗಿಗಳ ಆರೈಕೆ ಮಾಡಿದರು, ಹೆಣ ಹೊತ್ತರು, ಮಣ್ಣು ಮಾಡಿದರು. ನಂಬಿಕೆ ಸುಳ್ಳಾಗಿತ್ತು, ಅವರಲ್ಲೂ ಬಹಳ ಜನ ಸತ್ತರು. ಜ್ವರ ಇಳಿದ ಮೇಲೆ ಮ್ಯಾಥ್ಯೂ ಕ್ಯಾರಿ ಎಂಬ ಪ್ರಕಾಶಕ, ಕಪ್ಪು ದಾದಿಯರು ಹಣ ಕಿತ್ತರು, ಕದ್ದರು ಎಂದು ಅಚ್ಚು ಹಾಕಿದ. ಅಲೆನ್ ಮತ್ತು ಜೋನ್ಸ್ 1794ರಲ್ಲಿ ಪುಸ್ತಿಕೆ ಬರೆದು, ಖರ್ಚಿನ ಲೆಕ್ಕವನ್ನೂ ಇಟ್ಟು ಉತ್ತರ ಕೊಟ್ಟರು. ಅಲೆನ್ ಅದೇ ವರ್ಷ ನೆಲೆಗೊಳಿಸಿದ ಮದರ್ ಬೆತೆಲ್ ಚರ್ಚ್ ಸಿಕ್ಸ್ತ್ ಬೀದಿಯಲ್ಲಿದೆ. ಅವನ ಸಮಾಧಿ ಅದರ ನೆಲಮಾಳಿಗೆಯಲ್ಲಿ. ಇಂಡಿಪೆಂಡೆನ್ಸ್ ಹಾಲಿನಿಂದ ನಡೆದೇ ಹೋಗುವಷ್ಟು ಹತ್ತಿರ. ಯಾವ ಬಸ್ಸಿನ ಪಟ್ಟಿಯಲ್ಲೂ ಇದನ್ನು ನಾನು ಕಂಡಿಲ್ಲ. ಪಟ್ಟಿಯವರ ಮೇಲಿನ ನನ್ನ ಸಿಟ್ಟಿಗೆ ಇದಕ್ಕಿಂತ ದೊಡ್ಡ ಕಾರಣ ಬೇಡ.

ಜ್ವರ ತಂದದ್ದು ಸೊಳ್ಳೆ. ಅದು ಖಚಿತವಾದದ್ದು 1900ರ ಹೊತ್ತಿಗೆ. ಆಗಿನವರು ಬೀದಿಯ ಕೊಳಕನ್ನೂ ಕೆಟ್ಟ ಗಾಳಿಯನ್ನೂ ದೂರಿದರು. ರಷ್ ಅಂತೂ ಬಂದರಿನಲ್ಲಿ ಕೊಳೆಯುತ್ತಿದ್ದ ಕಾಫಿ ಮೂಟೆಗಳ ಕಡೆಗೆ ಬೆರಳು ತೋರಿಸಿದ. ಜ್ವರ ಮರಳಿ ಮರಳಿ ಬಂದಾಗ, ಬೀದಿ ತೊಳೆಯಲಿಕ್ಕೂ ಕುಡಿಯಲಿಕ್ಕೂ ಒಳ್ಳೆಯ ನೀರು ಬೇಕೇಬೇಕೆಂದು ಊರು ತೀರ್ಮಾನಿಸಿತು. ರೋಗದ ಕಾರಣವನ್ನು ತಪ್ಪಾಗಿ ಊಹಿಸಿದರೂ ಮಾಡಿದ ಕೆಲಸ ಒಳ್ಳೆಯದಾಯಿತು. ಬೆಂಜಮಿನ್ ಲಾಟ್ರೋಬ್ ಎಂಬ ಎಂಜಿನಿಯರ್ ಸ್ಕೂಲ್ಕಿಲ್ ನೀರನ್ನು ಹಬೆಯಂತ್ರದಿಂದ ಎತ್ತಿ, ಸುರಂಗದಲ್ಲಿ ಹರಿಸಿ, ಪೆನ್ ಬಿಟ್ಟಿದ್ದ ನಡುಚೌಕದಲ್ಲಿ ಇನ್ನೊಂದು ಯಂತ್ರದಿಂದ ಗುಮ್ಮಟದೊಳಗಿನ ತೊಟ್ಟಿಗೆ ಏರಿಸಿದ. ಅಲ್ಲಿಂದ ನಡು ಕೊರೆದ ಮರದ ದಿಮ್ಮಿಗಳ ಕೊಳವೆಯಲ್ಲಿ 1801ರ ಜನವರಿಯಲ್ಲಿ ಬೀದಿಗಳಿಗೆ ನೀರು ಹೋಯಿತು. ಅಮೆರಿಕದ ದೊಡ್ಡ ಊರೊಂದು ತನ್ನ ಜನರಿಗೆಲ್ಲ ನೀರು ಕೊಡುವುದು ತನ್ನ ಹೊಣೆ ಎಂದುಕೊಂಡ ಮೊದಲ ಪ್ರಯತ್ನಗಳಲ್ಲಿ ಇದು ಒಂದು.

ಆ ಗುಮ್ಮಟದ ಜಾಗದಲ್ಲಿ ಈಗ ಸಿಟಿ ಹಾಲ್ ಇದೆ. 1871ರಿಂದ 1901ರವರೆಗೆ ಕಟ್ಟಿದ 548 ಅಡಿಯ ಕಲ್ಲಿನ ಗೋಪುರ, ತುದಿಯಲ್ಲಿ 37 ಅಡಿಯ ಪೆನ್. ಗೋಪುರ ಹತ್ತಲು ಲಿಫ್ಟ್ ಇದೆ. ಮೇಲಿನಿಂದ ಎರಡೂ ನದಿ, ನಡುವಿನ ನೇರ ಬೀದಿಗಳೆಲ್ಲ ಕಾಣುವಾಗ ಪೆನ್ ಕಂಡ ಕನಸು ಮೊದಲ ಬಾರಿಗೆ ಅರ್ಥವಾಗುತ್ತದೆ.

ಲಾಟ್ರೋಬನ ಹಬೆಯಂತ್ರಗಳು ಸೌದೆ ನುಂಗಿದವು, ಪದೇಪದೇ ನಿಂತವು. ಅವನ ಶಿಷ್ಯ ಫ್ರೆಡರಿಕ್ ಗ್ರಾಫ್ ಕೆಲಸವನ್ನು ನದಿ ದಂಡೆಯ ಫೇರ್‌ಮೌಂಟ್ ಗುಡ್ಡದ ಬುಡಕ್ಕೆ ಒಯ್ದ. 1815ರಲ್ಲಿ ಶುರುವಾದದ್ದು ಅಲ್ಲಿಯೂ ಹಬೆಯಿಂದಲೇ. 1822ರ ಹೊತ್ತಿಗೆ ನದಿಗೆ ಅಡ್ಡಲಾಗಿ ಕಟ್ಟೆ ಕಟ್ಟಿ, ನದಿಯ ನೀರಿನಿಂದಲೇ ಚಕ್ರ ತಿರುಗಿಸಿ, ಆ ಚಕ್ರದ ಬಲದಿಂದ ನೀರನ್ನು ಗುಡ್ಡದ ತಲೆಯ ಕೊಳಗಳಿಗೆ ಏರಿಸಿದ. ಇಳಿಯುವ ಕೆಲಸ ಇಳಿಜಾರಿನದು. ಸೌದೆ ಬೇಡ, ಹೊಗೆ ಇಲ್ಲ. ಯಂತ್ರಗಳ ಮೇಲೆ ಗ್ರೀಕ್ ದೇಗುಲಗಳ ಹಾಗೆ ಕಂಬದ ಮಂಟಪಗಳನ್ನು ಕಟ್ಟಿ, ವಿಲಿಯಂ ರಷ್ ಎಂಬ ಶಿಲ್ಪಿಯಿಂದ ಮರದ ಮೂರ್ತಿಗಳನ್ನು ಕಡೆಸಿ, ಸುತ್ತ ಉದ್ಯಾನ ಮಾಡಿದರು. ಸೊಟ್ಟ ಬೀದಿ ಇಲ್ಲವೆಂದು ಬೇಸರಪಟ್ಟ ಡಿಕನ್ಸ್‌ನೂ ಇಲ್ಲಿ ಮಾತ್ರ ಮನಸಾರೆ ಹೊಗಳಿದ. ಊರಿನಲ್ಲಿ ಎಲ್ಲಿ ನೋಡಿದರೂ ನೀರು ಚಿಮ್ಮುತ್ತಿದೆ, ಸುರಿಯುತ್ತಿದೆ, ಈ ಕಟ್ಟಡ ಉಪಯೋಗಕ್ಕೆ ಎಷ್ಟೋ ಅಂದಕ್ಕೂ ಅಷ್ಟೇ ಎಂಬ ಅರ್ಥದಲ್ಲಿ ಬರೆದ. ಮುಚ್ಚಿಡಬೇಕಾದದ್ದೆಂದು ನಾವು ತಿಳಿಯುವ ಪಂಪ್‌ಹೌಸನ್ನು ಊರಿನ ಅತಿ ಚೆಲುವಾದ ಕಟ್ಟಡವಾಗಿಸಿದ ಜನ ಇವರು. ಎಲ್ಲರೂ ಕುಡಿಯುವ ನೀರಿಗೆ ಸಲ್ಲಬೇಕಾದ ಗೌರವ ಅದು.

ಕಥೆಯ ಉಳಿದ ಭಾಗವನ್ನೂ ಹೇಳಬೇಕು. ನದಿಯ ಮೇಲ್ಗಡೆ ಗಿರಣಿಗಳೂ ಊರುಗಳೂ ಬೆಳೆದವು, ಹೊಲಸು ಇದೇ ಕಟ್ಟೆಗೆ ಬಂತು. ಫಿಲಡೆಲ್ಫಿಯ ಮೇಲ್ಗಡೆಯ ಜಮೀನು ಕೊಂಡು ಉದ್ಯಾನ ಮಾಡಿತು. ಇಂದಿನ ವಿಶಾಲ ಫೇರ್‌ಮೌಂಟ್ ಪಾರ್ಕ್ ಹುಟ್ಟಿದ್ದು ನೀರಿನ ಕಾವಲಿಗಾಗಿಯೇ. ಅದೂ ಸಾಲಲಿಲ್ಲ. ಅದೇ ಚೆಂದದ ಕೊಳವೆಗಳಲ್ಲಿ ವಿಷಮಶೀತಜ್ವರ ಮನೆಮನೆಗೆ ಹರಿಯಿತು. ಕಡೆಗೆ ಮರಳಿನ ಸೋಸುಕಟ್ಟೆಗಳು ಬಂದವು, 1909ರಲ್ಲಿ ಫೇರ್‌ಮೌಂಟ್ ಕೆಲಸ ನಿಲ್ಲಿಸಿತು. ಆಮೇಲೆ ಬಹುಕಾಲ ಮೀನುಮನೆಯಾಗಿದ್ದು, ಈಗ ಅಲ್ಲಿ ಈ ಚರಿತ್ರೆಯನ್ನು ತೋರಿಸುವ ಕೇಂದ್ರವಿದೆ.

ಗುಡ್ಡದ ಮೇಲಿನ ಕೊಳಗಳ ಜಾಗದಲ್ಲಿ 1928ರಲ್ಲಿ ತೆರೆದದ್ದೇ ಫಿಲಡೆಲ್ಫಿಯ ಕಲಾ ಮ್ಯೂಸಿಯಮ್ಮಿನ ಈಗಿನ ಕಟ್ಟಡ. 1976ರ ರಾಕಿ ಸಿನಿಮಾದ 72 ಮೆಟ್ಟಿಲು ಇದರ ಮುಂದಿನವು. ಹತ್ತಿದವರಲ್ಲಿ ಬಹಳ ಜನ ಮೇಲೆ ಕೈಯೆತ್ತಿ ಫೋಟೋ ತೆಗೆಸಿಕೊಂಡು ಹಾಗೇ ಇಳಿದುಬಿಡುತ್ತಾರೆ. ಹಿಂದುಗಡೆ ಕೆಳಗೆ ನೀರಿನ ಮಂಟಪಗಳಿವೆ. ಒಳಗೆ ಇನ್ನೊಂದು ಮಂಟಪವಿದೆ, ಕನ್ನಡದ ಓದುಗರು ಅದನ್ನು ತಪ್ಪಿಸಬಾರದು. 1912ರಲ್ಲಿ ಮಧುರೆಗೆ ಹೋಗಿದ್ದ ಈ ಊರಿನ ಆಡೆಲಿನ್ ಪೆಪ್ಪರ್ ಗಿಬ್ಸನ್ ಎಂಬ ಹೆಣ್ಣುಮಗಳು ಮದನಗೋಪಾಲಸ್ವಾಮಿ ದೇವಸ್ಥಾನದ ಆವರಣದಲ್ಲಿ ರಾಶಿ ಬಿದ್ದಿದ್ದ ಕೆತ್ತನೆಯ ಕಲ್ಲುಗಳನ್ನು ಕೊಂಡು ತಂದಳು. ಮೊದಲ ಮಹಾಯುದ್ಧದಲ್ಲಿ ಫ್ರಾನ್ಸಿಗೆ ಸೇವೆಗೆಂದು ಹೋದವಳು ಅಲ್ಲೇ ತೀರಿಕೊಂಡಳು. ಮನೆಯವರು 1919ರಲ್ಲಿ ಕಲ್ಲುಗಳನ್ನು ಮ್ಯೂಸಿಯಮ್ಮಿಗೆ ಕೊಟ್ಟರು. ಸುಮಾರು 1560ರ ಕಂಬಗಳು. ಮಧುರೆಯ ನಾಯಕರು ವಿಜಯನಗರದ ಅಧೀನರಾಗಿದ್ದ ಕಾಲ, ತಾಳೀಕೋಟೆ ಯುದ್ಧಕ್ಕೆ ಇನ್ನು ಕೆಲವೇ ವರ್ಷ. ಹಂಪೆಯ ವಿಠ್ಠಲ ದೇವಸ್ಥಾನದ ಕಂಬಗಳನ್ನು ಕಣ್ಣು ತುಂಬ ನೋಡಿದವರಿಗೆ ಇಲ್ಲಿನ ಆಳೆತ್ತರದ ಮೂರ್ತಿಗಳು ಪರಕೀಯ ಅನ್ನಿಸುವುದಿಲ್ಲ. ಸ್ಟೆಲ್ಲಾ ಕ್ರಾಮ್‌ರಿಷ್ ಭಾರತದ ಕಲೆಯ ಕ್ಯುರೇಟರ್ ಆಗಿ ದಶಕಗಳ ಕಾಲ ದುಡಿದದ್ದು ಇದೇ ಮ್ಯೂಸಿಯಮ್ಮಿನಲ್ಲಿ.

ಇನ್ನು ಫ್ರಾಂಕ್ಲಿನ್ ಬಯಸಿದ ತೊರೆ. ವಿಸಾಹಿಕನ್ ಕಣಿವೆ ಊರಿನ ವಾಯವ್ಯಕ್ಕಿದೆ. 1690ರಲ್ಲಿ ರಿಟನ್‌ಹೌಸ್ ಮನೆತನ ಇಲ್ಲಿನ ಒಂದು ಉಪತೊರೆಯ ದಂಡೆಯಲ್ಲಿ ಕಾಗದದ ಗಿರಣಿ ಹಾಕಿತು, ಬ್ರಿಟಿಷ್ ಉತ್ತರ ಅಮೆರಿಕದಲ್ಲಿ ಮೊದಲನೆಯದು. ಆಮೇಲೆ ತೊರೆಯುದ್ದಕ್ಕೂ ಗಿರಣಿಗಳು ತುಂಬಿದವು. 1868ರ ನಂತರ ಫಿಲಡೆಲ್ಫಿಯ ಕಣಿವೆಯನ್ನು ವಶಕ್ಕೆ ತೆಗೆದುಕೊಂಡು, ನೀರು ಕೆಡದಿರಲೆಂದು ಆ ಗಿರಣಿಗಳನ್ನು ಕೆಡವಿಸಿತು. ಈಗ ಅಲ್ಲಿ ಕಾಡು ಬೆಳೆದಿದೆ. ಮೋಟಾರು ಗಾಡಿಗೆ ಪ್ರವೇಶವಿಲ್ಲದ, ಸಮತಟ್ಟಾದ ದಾರಿ ತೊರೆಯ ಪಕ್ಕದಲ್ಲೇ ಮೈಲುಗಟ್ಟಲೆ ಸಾಗುತ್ತದೆ. ಊರಿಗೆ ನೀರು ಕೊಡಲು ವಿಸಾಹಿಕನ್ನಿನಿಂದ ಕೊಳವೆ ಎಳೆಯಲಿಲ್ಲ. ಆದರೆ ತೊರೆ ಸ್ಕೂಲ್ಕಿಲ್ ನದಿಯನ್ನು ಸೇರುವ ಜಾಗದ ಸ್ವಲ್ಪ ಕೆಳಗೇ ಇಂದಿನ ಕ್ವೀನ್ ಲೇನ್ ಶುದ್ಧೀಕರಣ ಘಟಕಕ್ಕೆ ನದಿಯ ನೀರು ಎತ್ತುತ್ತಾರೆ. ಹಾಗಾಗಿ ಊರಿನ ಒಂದು ಭಾಗ ಇಂದಿಗೂ ಫ್ರಾಂಕ್ಲಿನ್ ಹೇಳಿದ ನೀರನ್ನೇ ಸ್ವಲ್ಪಮಟ್ಟಿಗೆ ಕುಡಿಯುತ್ತಿದೆ. ಅವನ ಗಂಟೂ ಉಳಿಯಿತು. ಲೆಕ್ಕ ಹಾಕಿದಷ್ಟು ಬೆಳೆಯಲಿಲ್ಲ, ಆದರೆ ಇನ್ನೂರು ವರ್ಷ ತುಂಬಿದ 1990ರಲ್ಲಿ ಫಿಲಡೆಲ್ಫಿಯದ ಪಾಲು ಸುಮಾರು 20 ಲಕ್ಷ ಡಾಲರ್ ಇತ್ತು, ಬಾಸ್ಟನ್ನಿನದು ಅದರ ಎರಡು ಪಟ್ಟಿಗೂ ಹೆಚ್ಚು.

ಒಬ್ಬ ತಾಯಿ ಬರೆದಿದ್ದಾರೆ: ಮಂಡಿ ನೋವಿದೆ, ಇರುವುದು ಒಂದೇ ದಿನ, ಏನನ್ನು ಬಿಡಲಿ? ಗಂಟೆಯ ಸರದಿಯನ್ನು ಬಿಡಿ ಅಮ್ಮ, ಚೆಸ್ಟ್‌ನಟ್ ಬೀದಿಯ ಕಡೆಯಿಂದ ಗಾಜಿನ ಹೊರಗೆ ನಿಂತರೂ ಅದು ಚೆನ್ನಾಗಿ ಕಾಣುತ್ತದೆ. ಎಲ್‌ಫ್ರೆತ್ಸ್ ಆಲಿಯ ಉರುಟು ಕಲ್ಲುಹಾಸು ನಿಮ್ಮ ಕಾಲಿಗೆ ಆಗದು, ಅದನ್ನು ಬೀದಿಯ ತುದಿಯಿಂದ ನೋಡಿದರೆ ಸಾಕು. ಬೆಳಿಗ್ಗೆ ಅಡಿಪಾಯದ ಮನೆ ಮತ್ತು ಮದರ್ ಬೆತೆಲ್, ಮಧ್ಯಾಹ್ನ ಮ್ಯೂಸಿಯಮ್. ಮೆಟ್ಟಿಲು ಹತ್ತುವುದು ಬೇಡ, ಹಿಂಬದಿಯಲ್ಲಿ ಬೇರೆ ಬಾಗಿಲಿದೆ, ಮಂಟಪದಲ್ಲಿ ಕೂರಲು ಸಮಯ ಇಟ್ಟುಕೊಳ್ಳಿ. ಆಮೇಲೆ ಕಾರಿನಲ್ಲಿ ನೀರಿನ ಕಟ್ಟಡದ ದಂಡೆಗೆ ಇಳಿಯಿರಿ. ಈಸ್ಟರ್ನ್ ಸ್ಟೇಟ್ ಎಂಬ 1829ರ ಜೈಲೂ ಅಲ್ಲಿಂದ ದೂರವಿಲ್ಲ. ಅದಕ್ಕೆ ಇಲ್ಲಿ ಜಾಗ ಉಳಿಯಲಿಲ್ಲ, ಮುಂದಿನ ವಾರ ಬರೆಯುತ್ತೇನೆ.